ಅಂದಾಜು ತಪ್ಪಿದರೆ ನಷ್ಟ ಹಳ್ಳಿಗೆ

ಆಡಳಿತವೆಂಬುದು ಬಹುಮಟ್ಟಿಗೆ ಅಂದಾಜಿನ ವ್ಯವಹಾರ. ಆಯವ್ಯಯ ಅಂದಾಜು, ಮಳೆಯ ಮುನ್ಸೂಚನೆ ಅಂದಾಜು, ಬರಗಾಲ ಘೋಷಣೆಗೆ ಆಧಾರವಾಗುತ್ತಿದ್ದ ಆಣೆವಾರಿಯೂ ಅಂದಾಜೇ. ಅಂದಾಜುಗಳು ತಪ್ಪುವುದು ಸಹಜ. ಆದರೆ ತಪ್ಪಿದಾಗ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಕೇವಲ ಗಣಿತದ್ದಲ್ಲ. ಅದು ಅರ್ಥಶಾಸ್ತ್ರದ್ದು, ಕೊನೆಗೆ ನ್ಯಾಯದ್ದು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಮಾತು ಹೊಸದಲ್ಲ. ಹೊಸತೆನಿಸಿರುವುದು ಬೇರೊಂದು ಸಂಗತಿ. ಇಂದು ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನು ಸೆಕೆಂಡಿಗೊಮ್ಮೆ ಇಂಥದೇ ಒಂದು ಅಂದಾಜು ಮಾಡುತ್ತಿರುತ್ತದೆ. ಅದು ತಪ್ಪಿದಾಗಲೆಲ್ಲ ನಷ್ಟ ಅನುಭವಿಸುವವರು ಹೆಚ್ಚಾಗಿ ಮಲೆನಾಡಿನಂಥ ಪ್ರದೇಶಗಳ ಹಳ್ಳಿಗರು. ಆದರೂ ಈ ವಿಷಯ ನಮ್ಮ ಸಾರ್ವಜನಿಕ ಚರ್ಚೆಯೊಳಗೆ ಇನ್ನೂ ಪ್ರವೇಶವನ್ನೇ ಪಡೆದಿಲ್ಲ.

ನಾನು ಹೇಳುತ್ತಿರುವುದು ಇಂಟರ್‌ನೆಟ್ ಮೂಲಕ ಬರುವ ನೇರಪ್ರಸಾರದ ವಿಡಿಯೊ ಕುರಿತು. ಇದರ ಕಾರ್ಯವಿಧಾನ ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಒಂದೇ ದೃಶ್ಯವನ್ನು ಪ್ರಸಾರ ಸಂಸ್ಥೆ ನಾಲ್ಕೈದು ಗುಣಮಟ್ಟಗಳಲ್ಲಿ ಸಿದ್ಧಪಡಿಸುತ್ತದೆ. ಮಸುಕಾದ ಚಿತ್ರಕ್ಕೆ ಕಡಿಮೆ ಡೇಟಾ ಸಾಕು, ಸ್ಪಷ್ಟ ಚಿತ್ರಕ್ಕೆ ಹೆಚ್ಚು ಬೇಕು. ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಸರ್ವರ್‌ನಲ್ಲಿ ಇರಿಸಲಾಗುತ್ತದೆ. ನಮ್ಮ ಫೋನಿನಲ್ಲಿರುವ ಪ್ಲೇಯರ್ ಒಂದೊಂದೇ ತುಂಡನ್ನು ತರಿಸಿಕೊಳ್ಳುತ್ತಾ, ಅದರ ಗಾತ್ರವನ್ನು ಅದು ಬರಲು ಹಿಡಿದ ಸಮಯದಿಂದ ಭಾಗಿಸಿ, ‘ಸದ್ಯ ಈ ನೆಟ್‌ವರ್ಕ್‌ನ ಸಾಗಣೆ ಸಾಮರ್ಥ್ಯ, ಅಂದರೆ ಬ್ಯಾಂಡ್‌ವಿಡ್ತ್, ಇಷ್ಟು’ ಎಂದು ಅಂದಾಜಿಸುತ್ತದೆ. ಮುಂದಿನ ತುಂಡನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕೆಂಬುದು ಆ ಅಂದಾಜಿನ ಮೇಲೆ ನಿರ್ಧಾರವಾಗುತ್ತದೆ. 2009ರಲ್ಲಿ ಆಪಲ್ ಕಂಪನಿ ಪರಿಚಯಿಸಿದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್ ಎಂಬ ಎರಡು ಪದ್ಧತಿಗಳ ತಿರುಳು ಇದೇ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್‌ನ ಅಂತಿಮ ಪಂದ್ಯವನ್ನು ಒಂದೇ ವೇದಿಕೆಯಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಲು ಸಾಧ್ಯವಾದದ್ದು ಇಂಥ ಪದ್ಧತಿಗಳಿಂದ.

ಈ ಏರ್ಪಾಡಿನ ಭದ್ರತೆ ಇದ್ದದ್ದು ದಾಸ್ತಾನಿನಲ್ಲಿ. ಪ್ಲೇಯರ್ ಸಾಮಾನ್ಯವಾಗಿ ಇಪ್ಪತ್ತು-ಮೂವತ್ತು ಸೆಕೆಂಡುಗಳಷ್ಟು ದೃಶ್ಯವನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತಿತ್ತು. ನಡುವೆ ನೆಟ್‌ವರ್ಕ್ ಹತ್ತು ಸೆಕೆಂಡು ಕೈಕೊಟ್ಟರೂ ಚಿತ್ರ ನಿಲ್ಲುತ್ತಿರಲಿಲ್ಲ; ಅಂದಾಜು ಸ್ವಲ್ಪ ತಪ್ಪಿದರೂ ದಾಸ್ತಾನು ಅದನ್ನು ಮುಚ್ಚಿಹಾಕುತ್ತಿತ್ತು. ಪಣತದಲ್ಲಿ ಭತ್ತವಿರುವ ಮನೆಯವರು ಒಂದು ತಿಂಗಳು ಮಳೆ ತಡವಾದರೆ ಹೆದರದಂತೆ.

ಆದರೆ ದಾಸ್ತಾನಿಗೆ ತನ್ನದೇ ಬೆಲೆಯುಂಟು. ಕೂಡಿಟ್ಟಷ್ಟೂ ಸೆಕೆಂಡು ನಾವು ವಾಸ್ತವಕ್ಕಿಂತ ಹಿಂದೆ ಉಳಿಯುತ್ತೇವೆ. ಕ್ರಿಕೆಟ್ ಪಂದ್ಯದಲ್ಲಿ ಪಕ್ಕದ ಮನೆಯ ಡಿಶ್ ಟಿ.ವಿ.ಯವರು ವಿಕೆಟ್ ಬಿತ್ತೆಂದು ಕೂಗಿ ಅರ್ಧ ನಿಮಿಷವಾದ ಮೇಲೆ ನಮ್ಮ ಫೋನಿನಲ್ಲಿ ಬೌಲರ್ ಓಡಿಬರುವುದು ಈ ಕಾರಣದಿಂದ. ಕ್ರಿಕೆಟ್‌ಗಾದರೆ ಇದು ಬರೀ ರಸಭಂಗ. ಬೇರೆಡೆ ಹಾಗಲ್ಲ. ಸೊರಬ ತಾಲ್ಲೂಕಿನ ನಮ್ಮ ಹೊಸಬಾಳೆಯಂಥ ಊರಿನಲ್ಲಿ ಕುಳಿತು ಎಫ್‌ಡಿಎ ಅಥವಾ ಪಿಎಸ್‌ಐ ಪರೀಕ್ಷೆಗೆ ಓದುವ ಯುವಕ-ಯುವತಿಯರು ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ ಬಾಡಿಗೆ ಕೊಠಡಿ ಹಿಡಿಯುವ ಬದಲು ನೇರಪ್ರಸಾರದ ತರಗತಿಗಳನ್ನು ಅವಲಂಬಿಸುತ್ತಿದ್ದಾರೆ. ಅಲ್ಲಿ ಬೋಧಕರು ಪ್ರಶ್ನೆಯೊಂದನ್ನು ಹಾಕಿ ಮೂವತ್ತು ಸೆಕೆಂಡಿನಲ್ಲಿ ಉತ್ತರಿಸಿ ಎನ್ನುತ್ತಾರೆ. ಪ್ರಸಾರವೇ ಇಪ್ಪತ್ತೈದು ಸೆಕೆಂಡು ತಡವಾಗಿದ್ದರೆ ಉಳಿಯುವುದು ಐದೇ ಸೆಕೆಂಡು. ಅನುಮಾನ ಕೇಳಿದರೆ ಬೋಧಕರು ಅಷ್ಟರಲ್ಲಿ ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಕೇಳುವ ಹಕ್ಕು ಉಳಿದಿದ್ದರೂ ಕೇಳಿ ಉಪಯೋಗವಿಲ್ಲದ ಸ್ಥಿತಿ ಇದು.

ಆದ್ದರಿಂದ ಕಳೆದ ಕೆಲವು ವರ್ಷಗಳಲ್ಲಿ ತಂತ್ರಜ್ಞರು ವಿಳಂಬವನ್ನು ಎರಡರಿಂದ ಐದು ಸೆಕೆಂಡಿಗೆ ಇಳಿಸುವ ಪ್ರಯತ್ನಕ್ಕೆ ಕೈಹಾಕಿದ್ದಾರೆ. ಆಪಲ್ ಕಂಪನಿ 2019ರಲ್ಲಿ ತನ್ನ ಪದ್ಧತಿಯ ಅಲ್ಪವಿಳಂಬ ರೂಪವನ್ನು ಪ್ರಕಟಿಸಿತು. ಡ್ಯಾಶ್ ಪದ್ಧತಿಯಲ್ಲೂ ಅದೇ ದಿಕ್ಕಿನ ಕೆಲಸ ನಡೆಯಿತು. ಉಪಾಯ ಸರಳ: ನಾಲ್ಕು ಸೆಕೆಂಡಿನ ಇಡೀ ತುಂಡು ಸಿದ್ಧವಾಗಲೆಂದು ಕಾಯುವುದರ ಬದಲು ಅದನ್ನು ಅರ್ಧ ಸೆಕೆಂಡಿನ ಚೂರುಗಳಾಗಿ ಮಾಡಿ, ಚೂರು ಸಿದ್ಧವಾದಂತೆಲ್ಲ ಕಳುಹಿಸಿಬಿಡುವುದು. ಕೊಯ್ಲು ಮುಗಿದು ರಾಶಿಯಾಗುವ ತನಕ ಕಾಯದೆ ಕೊಯ್ದಷ್ಟನ್ನೂ ಗಿರಣಿಗೆ ಸಾಗಿಸಿದಂತೆ. ವಿಳಂಬ ಕಡಿಮೆಯಾಯಿತು. ಆದರೆ ಹಳೆಯ ಅಂದಾಜಿನ ಲೆಕ್ಕ ತಲೆಕೆಳಗಾಯಿತು.

ಅದು ಹೇಗೆಂದು ತಿಳಿಯಲು ಗಿರಣಿಯ ಉದಾಹರಣೆಯನ್ನೇ ಮುಂದುವರಿಸೋಣ. ಗಂಟೆಗೆ ಹತ್ತು ಕ್ವಿಂಟಲ್ ಭತ್ತ ಅರೆಯಬಲ್ಲ ಅಕ್ಕಿ ಗಿರಣಿಯೊಂದಿದೆ. ಆದರೆ ಗದ್ದೆಯಿಂದ ಬರುವ ಭತ್ತವೇ ಗಂಟೆಗೆ ಎರಡು ಕ್ವಿಂಟಲ್. ಗಿರಣಿ ಹನ್ನೆರಡು ನಿಮಿಷ ಓಡಿ ನಲವತ್ತೆಂಟು ನಿಮಿಷ ಸುಮ್ಮನಿರುತ್ತದೆ. ಸಂಜೆ ಬಂದ ಅಧಿಕಾರಿಯೊಬ್ಬರು ದಿನದ ಒಟ್ಟು ಅಕ್ಕಿಯ ಲೆಕ್ಕ ನೋಡಿ, ‘ಈ ಗಿರಣಿಯ ಸಾಮರ್ಥ್ಯ ಗಂಟೆಗೆ ಎರಡೇ ಕ್ವಿಂಟಲ್’ ಎಂದು ವರದಿ ಬರೆದರೆ ಹೇಗಿರುತ್ತದೆ? ಅಲ್ಪವಿಳಂಬ ಪ್ರಸಾರದಲ್ಲಿ ಹಳೆಯ ಮಾದರಿಯ ಪ್ಲೇಯರ್ ಬರೆಯುವುದು ಇಂಥದೇ ವರದಿಯನ್ನು. ದೃಶ್ಯ ಸೆಕೆಂಡಿಗೆ ಒಂದು ಮೆಗಾಬಿಟ್ ಗುಣಮಟ್ಟದ್ದು, ನೆಟ್‌ವರ್ಕ್ ಐದು ಮೆಗಾಬಿಟ್ ಸಾಗಿಸಬಲ್ಲದು ಎಂದುಕೊಳ್ಳಿ. ಅರ್ಧ ಸೆಕೆಂಡಿನ ಪ್ರತಿ ಚೂರೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಂದುಬಿಡುತ್ತದೆ. ಉಳಿದ ಸಮಯವೆಲ್ಲ ಮುಂದಿನ ಚೂರು ಸಿದ್ಧವಾಗಲೆಂದು ಕಾಯುವುದರಲ್ಲಿ ಹೋಗುತ್ತದೆ. ನಾಲ್ಕು ಸೆಕೆಂಡಿನ ತುಂಡು ಪೂರ್ಣ ಬರಲು ನಾಲ್ಕು ಸೆಕೆಂಡೇ ಹಿಡಿಯುತ್ತದೆ. ಪ್ಲೇಯರ್ ನಾಲ್ಕು ಮೆಗಾಬಿಟ್ಟನ್ನು ನಾಲ್ಕು ಸೆಕೆಂಡಿನಿಂದ ಭಾಗಿಸಿ, ‘ನೆಟ್‌ವರ್ಕ್ ಸಾಮರ್ಥ್ಯ ಒಂದು ಮೆಗಾಬಿಟ್’ ಎಂಬ ತೀರ್ಮಾನಕ್ಕೆ ಬರುತ್ತದೆ. ಐದರಲ್ಲಿ ನಾಲ್ಕು ಪಾಲು ಸಾಮರ್ಥ್ಯ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಂಭೀರ. ಈ ಲೆಕ್ಕದ ಪ್ರಕಾರ ಅಂದಾಜು ಈಗ ನೋಡುತ್ತಿರುವ ಗುಣಮಟ್ಟವನ್ನು ಮೀರಿ ಹೋಗಲಾರದು. ನೆಟ್‌ವರ್ಕ್ ಒಂದು ಗಳಿಗೆ ಕುಸಿದರೆ ಅಂದಾಜೂ ಕುಸಿಯುತ್ತದೆ, ಚಿತ್ರ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ನೆಟ್‌ವರ್ಕ್ ಚೇತರಿಸಿಕೊಂಡರೂ ಅಂದಾಜು ಆ ಕೆಳಗಿನ ಮೆಟ್ಟಿಲಿಗೇ ಅಂಟಿಕೊಂಡಿರುತ್ತದೆ. ಇಳಿಯಲು ಮೆಟ್ಟಿಲಿದೆ, ಏರಲು ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ನಮ್ಮ ಗಾದೆಯನ್ನು ಈ ತಂತ್ರಜ್ಞಾನ ಅಕ್ಷರಶಃ ಪಾಲಿಸುತ್ತದೆ. ಊರಿನ ಹುಡುಗನೊಬ್ಬ ತರಗತಿ ನೋಡುವಾಗ ಕಪ್ಪು ಹಲಗೆಯ ಅಕ್ಷರ ಮಸುಕಾಗಿ ಹಾಗೆಯೇ ಉಳಿದದ್ದನ್ನು, ಅದೇ ಹೊತ್ತಿನಲ್ಲಿ ಅದೇ ಫೋನಿಗೆ ಪಠ್ಯದ ದೊಡ್ಡ ಕಡತವೊಂದು ಕ್ಷಣದಲ್ಲಿ ಇಳಿದದ್ದನ್ನು ನಾನು ಕಂಡಿದ್ದೇನೆ. ಕೇಳಿದರೆ, “ಒಂದ್ಸಲ ಮುಚ್ಚಿ ತೆಗೆದ್ರೆ ಸರಿ ಆಗ್ತದೆ ದೊಡ್ಡಪ್ಪ” ಎಂದ. ಹಾಗೆಯೇ ಆಯಿತು. ಹಳೆಯ ಅಂದಾಜನ್ನು ಅಳಿಸಿ ಹೊಸದಾಗಿ ಲೆಕ್ಕ ಆರಂಭಿಸುವ ಉಪಾಯವನ್ನು ಆತ ಅನುಭವದಿಂದ ಕಂಡುಕೊಂಡಿದ್ದ. ಆದರೆ ಮುಚ್ಚಿ ತೆರೆಯುವ ಆ ಅರ್ಧ ನಿಮಿಷದಲ್ಲಿ ತರಗತಿಯ ಒಂದು ಪ್ರಶ್ನೆ ಕಳೆದುಹೋಗಿತ್ತು.

ಸಮಸ್ಯೆ ಪರಿಹಾರವಿಲ್ಲದ್ದೇನಲ್ಲ. 2019ರಲ್ಲಿ ಬೆಂತಲೇಬ್, ಟಿಮ್ಮರರ್, ಬೆಗೆನ್ ಮತ್ತು ಜಿಮ್ಮರ್ಮನ್ ಎಂಬ ಸಂಶೋಧಕರು ‘ಆಕ್ಟೆ’ ಎಂಬ ವಿಧಾನವನ್ನು ಮುಂದಿಟ್ಟರು. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ, ಗಿರಣಿ ಸುಮ್ಮನಿದ್ದ ಹೊತ್ತನ್ನು ಕಳೆದು ಓಡಿದ ಹೊತ್ತಿನಲ್ಲಿ ಎಷ್ಟು ಅರೆಯಿತು ಎಂದು ನೋಡುವುದು. ಹೇಳುವಷ್ಟು ಮಾಡುವುದು ಸುಲಭವಲ್ಲ. ಚೂರುಗಳು ಚಿಕ್ಕವು, ಅವು ಬರುವ ಕಾಲ ಸೆಕೆಂಡಿನ ಅಲ್ಪಾಂಶ. ಒಂದು ಚೂರಿನ ಆರಂಭ-ಅಂತ್ಯಗಳನ್ನು ಗುರುತಿಸುವಲ್ಲಿ ತುಸು ತಪ್ಪಿದರೂ ಅಂದಾಜು ಎರಡು ಮೂರು ಪಟ್ಟು ಏರಬಹುದು, ಇಳಿಯಬಹುದು. ಹೀಗಾಗಿ ಇತ್ತೀಚಿನ ಹಲವು ಚೂರುಗಳ ಅಳತೆಯನ್ನು ಒಟ್ಟಿಗೆ ನೋಡಿ, ವಿಪರೀತವಾದವನ್ನು ಸೋಸಿ, ಮುಂದಿನದನ್ನು ಊಹಿಸಬೇಕಾಗುತ್ತದೆ. ಮರುವರ್ಷ, 2020ರಲ್ಲಿ, ಟ್ವಿಚ್ ಕಂಪನಿ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇದೇ ಸಮಸ್ಯೆಯನ್ನು ಸಂಶೋಧಕರಿಗೆ ಸವಾಲಾಗಿ ಒಡ್ಡಿತು. ಅಲ್ಲಿಂದ ಹೊಮ್ಮಿದ ‘ಲೋಲ್’, ‘ಎಲ್‌ಟುಎ’ ಎಂಬ ವಿಧಾನಗಳು ಇಂದು ಡ್ಯಾಶ್ ಪದ್ಧತಿಯ ಮುಕ್ತ ತಂತ್ರಾಂಶ ಪ್ಲೇಯರ್‌ನಲ್ಲಿ ಸೇರಿವೆ. ಯಾರು ಬೇಕಾದರೂ ಹಣ ಕೊಡದೆ ಬಳಸಿಕೊಳ್ಳಬಹುದು. ಸರ್ವರ್ ತನಗೆ ತೋರಿದ ನೆಟ್‌ವರ್ಕ್ ಸಾಮರ್ಥ್ಯವನ್ನು ಪ್ಲೇಯರ್‌ಗೆ ತಾನೇ ತಿಳಿಸಲು ಅವಕಾಶ ಕೊಡುವ ‘ಸಿಎಂಎಸ್‌ಡಿ’ ಎಂಬ ಮಾನಕವೂ 2022ರಲ್ಲಿ ಪ್ರಕಟವಾಗಿದೆ.

ಪರಿಹಾರ ಉಚಿತವಾಗಿ ದೊರೆಯುತ್ತಿರುವಾಗ ತೊಡಕು ಎಲ್ಲಿದೆ? ಮೊದಲ ತೊಡಕು ಈ ಅಂದಾಜುಗಳನ್ನು ಎಲ್ಲಿಯ ಅನುಭವದ ಮೇಲೆ ಪರೀಕ್ಷಿಸಲಾಗುತ್ತಿದೆ ಎಂಬುದರಲ್ಲಿದೆ. ಇಂಥ ಸಂಶೋಧನೆಗೆ ನೆಟ್‌ವರ್ಕ್‌ನ ಏರಿಳಿತವನ್ನು ಸೆಕೆಂಡು ಸೆಕೆಂಡಿಗೆ ದಾಖಲಿಸಿದ ಮಾಹಿತಿ ಬೇಕು. ಜಗತ್ತಿನಾದ್ಯಂತ ಸಂಶೋಧಕರು ಮತ್ತೆ ಮತ್ತೆ ಬಳಸುವ ದಾಖಲೆಗಳೆಂದರೆ ನಾರ್ವೆಯ ಓಸ್ಲೊ ಪ್ರದೇಶದ ಟ್ರಾಮು, ರೈಲು, ದೋಣಿಗಳಲ್ಲಿ ಸಂಗ್ರಹಿಸಿದ ಮೂರನೇ ತಲೆಮಾರಿನ ನೆಟ್‌ವರ್ಕ್ ಮಾಹಿತಿ, ಬೆಲ್ಜಿಯಂನ ಗೆಂಟ್ ನಗರದಲ್ಲಿ ಸಂಗ್ರಹಿಸಿದ 4ಜಿ ಮಾಹಿತಿ, ಅಮೆರಿಕದ ದೂರಸಂಪರ್ಕ ಆಯೋಗದ ಬ್ರಾಡ್‌ಬ್ಯಾಂಡ್ ಮಾಹಿತಿ. ಅವುಗಳ ಮೌಲ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಷಾಢದ ಮಳೆಯಲ್ಲಿ ಸೊರಬ-ಶಿಕಾರಿಪುರದ ಹಳ್ಳಿಯೊಂದರ ನೆಟ್‌ವರ್ಕ್ ವರ್ತಿಸುವ ಬಗೆ ಗೆಂಟ್ ನಗರದ್ದಲ್ಲ. ಇಲ್ಲಿ ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಮುಗಿಯುತ್ತದೆ. ಫೋನು ಗುಡ್ಡದಾಚೆಯ ಮತ್ತೊಂದು ಟವರನ್ನು ಹುಡುಕಿಕೊಳ್ಳುತ್ತದೆ. 4ಜಿ ಇದ್ದದ್ದು ಇದ್ದಕ್ಕಿದ್ದಂತೆ 2ಜಿಗೆ ಜಾರುತ್ತದೆ. ಕರೆಂಟು ಬಂದೊಡನೆ ಮತ್ತೆ ಮೇಲೇರುತ್ತದೆ. ಇಂಥ ಕಡೆ ಹಿಂದಿನ ಒಂದು ನಿಮಿಷದ ಅನುಭವದಿಂದ ಮುಂದಿನದನ್ನು ಊಹಿಸುವ ವಿಧಾನ ನಿರುಪಯುಕ್ತವಾಗುವ ಸಾಧ್ಯತೆ ಹೆಚ್ಚು.

ಇದು ಬರೀ ಊಹೆಯ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ‘ಪಫರ್’ ಎಂಬ ಟಿ.ವಿ. ಪ್ರಸಾರ ಸೇವೆಯನ್ನು ತಾವೇ ನಡೆಸಿ, ನಿಜವಾದ ವೀಕ್ಷಕರ ಮೇಲೆ ವಿವಿಧ ವಿಧಾನಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮಹತ್ವದ್ದು. ಪ್ರಯೋಗಾಲಯದ ಅನುಕರಣೆಯಲ್ಲಿ ಮೆರೆದ ಅತ್ಯಾಧುನಿಕ ವಿಧಾನ ನಿಜ ಜಗತ್ತಿನಲ್ಲಿ ಸರಳವಾದ ಹಳೆಯ ವಿಧಾನವನ್ನು ನಿರೀಕ್ಷೆಯಂತೆ ಹಿಂದೆ ಹಾಕಲಿಲ್ಲ. ಬಳಕೆಯಾಗುವ ಪರಿಸರದ್ದೇ ಮಾಹಿತಿಯಿಂದ ತರಬೇತಾದ ವಿಧಾನ ಮೇಲುಗೈ ಸಾಧಿಸಿತು. ಪಾಠ ಸ್ಪಷ್ಟ. ಅಂದಾಜು ಯಾವ ನೆಲದ ಮೇಲೆ ಕೆಲಸ ಮಾಡಬೇಕೋ ಅದೇ ನೆಲದ ಅಳತೆಯಿಂದ ಹುಟ್ಟಬೇಕು.

ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಲ್ಲ. ಮಳೆಯ ವಿಷಯದಲ್ಲಿ ನಾವು ಇದನ್ನು ಎಂದೋ ಕಲಿತಿದ್ದೇವೆ. ತಾಲ್ಲೂಕು ಕೇಂದ್ರದ ಒಂದು ಮಳೆಮಾಪಕದಿಂದ ಇಡೀ ತಾಲ್ಲೂಕಿನ ಮಳೆಯನ್ನು ನಿರ್ಣಯಿಸುವ ಕಾಲವೊಂದಿತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿ, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವ ವ್ಯವಸ್ಥೆ ಮಾಡಿತು. ಇಂದು ಅಡಿಕೆ ಬೆಳೆಗಾರನಿಗೆ ಹವಾಮಾನ ಆಧಾರಿತ ವಿಮೆಯ ಪರಿಹಾರ ಎಷ್ಟು ಬರಬೇಕೆಂಬುದು ಆ ಪಂಚಾಯಿತಿಯ ಮಳೆಮಾಪಕದ ಮೇಲೆ ನಿಂತಿದೆ. ಅದು ಕೆಟ್ಟು ನಿಂತರೆ ರೈತರು ಕಚೇರಿಗೆ ಬಂದು ಕೇಳುತ್ತಾರೆ, ಕೇಳಲೇಬೇಕು; ಏಕೆಂದರೆ ಅಳತೆ ತಪ್ಪಿದರೆ ಹಣ ತಪ್ಪುತ್ತದೆ ಎಂಬುದು ಅವರಿಗೆ ಗೊತ್ತಿದೆ. ನೆಟ್‌ವರ್ಕ್‌ನ ಅಳತೆಗೆ ಇನ್ನೂ ಅಂಥ ಕಾವಲುಗಾರರಿಲ್ಲ.

ಎರಡನೆಯ ತೊಡಕು ಪ್ರೋತ್ಸಾಹಕಗಳದ್ದು, ಅಂದರೆ ಶುದ್ಧ ಅರ್ಥಶಾಸ್ತ್ರದ್ದು. ಅಂದಾಜು ಎರಡು ಬಗೆಯಲ್ಲಿ ತಪ್ಪಬಹುದು. ಸಾಮರ್ಥ್ಯವನ್ನು ಹೆಚ್ಚೆಂದು ಭಾವಿಸಿದರೆ ಚಿತ್ರ ನಿಂತುಬಿಡುತ್ತದೆ. ಕಡಿಮೆಯೆಂದು ಭಾವಿಸಿದರೆ ಮಸುಕಾಗುತ್ತದೆ. ಚಿತ್ರ ನಿಂತರೆ ವೀಕ್ಷಕ ಪ್ರಸಾರ ಸಂಸ್ಥೆಯನ್ನು ಬೈಯುತ್ತಾನೆ, ಆ್ಯಪ್ ತೆಗೆದುಹಾಕುತ್ತಾನೆ. ಮಸುಕಾದರೆ ‘ನಮ್ಮೂರಿನ ನೆಟ್‌ವರ್ಕೇ ಇಷ್ಟು’ ಎಂದು ನಿಟ್ಟುಸಿರು ಬಿಡುತ್ತಾನೆ. ಮೊದಲನೆಯ ತಪ್ಪಿಗೆ ದಂಡವಿದೆ, ಎರಡನೆಯದಕ್ಕಿಲ್ಲ. ಅಷ್ಟೇ ಅಲ್ಲ, ಮಸುಕಾದ ಚಿತ್ರಕ್ಕೆ ಡೇಟಾ ಕಡಿಮೆ. ಸಾಗಣೆಯ ಖರ್ಚೂ ಕಡಿಮೆ. ಯಾರ ದುರುದ್ದೇಶವೂ ಇಲ್ಲದೆಯೇ ವ್ಯವಸ್ಥೆ ಕಡಿಮೆ ಅಂದಾಜಿನ ಕಡೆಗೆ ವಾಲುವುದಕ್ಕೆ ಇಷ್ಟು ಸಾಕು. ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದರೆ ಅಪಾಯ ಇನ್ನೂ ದೊಡ್ಡದು. ಇಂಥ ಊರಿನವರು ಬಳಸುವುದೇ ಕಡಿಮೆ ಗುಣಮಟ್ಟದ ವಿಡಿಯೊ ಎಂದು ಅಂಕಿಅಂಶ ಹೇಳತೊಡಗಿದರೆ, ಅಲ್ಲಿಗೆ ಹೆಚ್ಚಿನ ಸಾಮರ್ಥ್ಯದ ಬೇಡಿಕೆಯೇ ಇಲ್ಲ ಎಂಬ ತೀರ್ಮಾನಕ್ಕೆ ದಾರಿಯಾಗುತ್ತದೆ. ತಪ್ಪು ಅಂದಾಜು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಬಗೆ ಇದು. ರಸ್ತೆಯಿಲ್ಲದ ಊರಿಗೆ ಬಸ್ಸಿಲ್ಲ, ಬಸ್ಸಿಗೆ ಪ್ರಯಾಣಿಕರಿಲ್ಲವೆಂದು ರಸ್ತೆಯಿಲ್ಲ ಎಂಬ ಹಳೆಯ ವಿಷವರ್ತುಲವನ್ನು ಆಡಳಿತದಲ್ಲಿದ್ದವರೆಲ್ಲ ಬಲ್ಲರು.

ಇಲ್ಲೊಂದು ನ್ಯಾಯವಾದ ಆಕ್ಷೇಪವನ್ನು ನಿರೀಕ್ಷಿಸಬಹುದು. ಟವರುಗಳೇ ಸಾಲದಿರುವಾಗ ಅಂದಾಜಿನ ಸೂಕ್ಷ್ಮಗಳಿಂದ ಏನು ಪ್ರಯೋಜನ? 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿದ್ದನ್ನು, ಆ ಬಳಿಕ ಕೆಲವು ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂಬ ಫಲಕಗಳು ಎದ್ದದ್ದನ್ನು ಯಾರೂ ಮರೆತಿಲ್ಲ. ಆ ವರ್ಷದ ಜುಲೈನಲ್ಲಿ ಸರ್ಕಾರ ಎಂಟರಿಂದ ಹತ್ತನೇ ತರಗತಿಯವರಿಗಾಗಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳನ್ನು ಆರಂಭಿಸಿದ್ದು, ಇಂಟರ್‌ನೆಟ್ ಎಲ್ಲರನ್ನೂ ತಲುಪದು ಎಂಬ ಅರಿವಿನಿಂದಲೇ. ಸಿಗ್ನಲ್ಲೇ ಇಲ್ಲದ ಕಡೆ ಯಾವ ಜಾಣ ಲೆಕ್ಕಾಚಾರವೂ ಬ್ಯಾಂಡ್‌ವಿಡ್ತ್ ಸೃಷ್ಟಿಸಲಾರದು ಎಂಬುದು ನಿರ್ವಿವಾದ.

ಆದರೆ ಮೂಲಸೌಕರ್ಯಕ್ಕೆ ಹಣ ಹರಿಯುತ್ತಲೇ ಇದೆ ಎಂಬುದನ್ನೂ ಗಮನಿಸಬೇಕು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. 4ಜಿ ಇಲ್ಲದ ಹಳ್ಳಿಗಳಿಗಾಗಿ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಮತ್ತೊಂದು ಯೋಜನೆ ಬಂತು; ಅದನ್ನು ಬಿಎಸ್‌ಎನ್‌ಎಲ್‌ಗೆ ವಹಿಸಲಾಯಿತು. ಇಷ್ಟು ಸಾರ್ವಜನಿಕ ಹಣ ಸುರಿದು ಹಳ್ಳಿಗೆ ಐದು ಮೆಗಾಬಿಟ್ ತಲುಪಿಸಿದ ಮೇಲೆ, ಫೋನಿನೊಳಗಿನ ತಪ್ಪು ಲೆಕ್ಕದಿಂದಾಗಿ ಅದರಲ್ಲಿ ಒಂದೇ ಮೆಗಾಬಿಟ್ ಬಳಕೆಯಾದರೆ ಅದನ್ನು ಏನೆನ್ನಬೇಕು? ಅಣೆಕಟ್ಟು ಕಟ್ಟಿ, ಹೊಲಗಾಲುವೆ ತೋಡುವುದನ್ನು ಮರೆತ ನಮ್ಮ ನೀರಾವರಿ ಯೋಜನೆಗಳ ಚರಿತ್ರೆಯನ್ನು ಇಲ್ಲಿ ಮತ್ತೆ ಬರೆಯಬೇಕಿಲ್ಲ. ಹೊಲಗಾಲುವೆಯ ಖರ್ಚು ಅಣೆಕಟ್ಟಿನ ಮುಂದೆ ಅತ್ಯಲ್ಪ. ಅದಿಲ್ಲದೆ ಅಣೆಕಟ್ಟಿನ ನೀರು ಗದ್ದೆ ಸೇರದು.

ನಿಯಂತ್ರಣ ಸಂಸ್ಥೆಗಳ ದೃಷ್ಟಿಯೂ ಸ್ವಲ್ಪ ಬದಲಾಗಬೇಕಿದೆ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇತ್ತು. 2013ರಲ್ಲಿ 512 ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಗುಣಮಟ್ಟ ನಿಯಮಗಳು ಇನ್ನಷ್ಟು ಮುಂದೆ ಹೋಗಿವೆ. ಎಲ್ಲೆಲ್ಲಿ ಯಾವ ತಲೆಮಾರಿನ ಸೇವೆಯಿದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದೂ, ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗೂ ಮೀರಿ ಸ್ಥಗಿತಗೊಂಡರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದೂ ಅವು ಹೇಳುತ್ತವೆ. ಇವು ಸ್ವಾಗತಾರ್ಹ ಕ್ರಮಗಳೇ. ಆದರೆ ನಕ್ಷೆ ಹೇಳುವುದು ಸೇವೆ ಇದೆಯೋ ಇಲ್ಲವೋ ಎಂಬುದನ್ನು. ಅದು ಎಷ್ಟು ಹೊಯ್ದಾಡುತ್ತದೆ ಎಂಬುದನ್ನಲ್ಲ. ಸರಾಸರಿ ನಾಲ್ಕು ಮೆಗಾಬಿಟ್ ಎಂಬ ಒಂದೇ ಅಂಕಿಯ ಹಿಂದೆ ಸದಾ ನಾಲ್ಕರಲ್ಲೇ ನಿಂತ ನಗರದ ಮನೆಯೂ ಇರಬಹುದು, ಎಂಟಕ್ಕೂ ಸೊನ್ನೆಗೂ ನಡುವೆ ತೂಗಾಡುವ ಮಲೆನಾಡಿನ ಮನೆಯೂ ಇರಬಹುದು. ಅಲ್ಪವಿಳಂಬ ಪ್ರಸಾರಕ್ಕೆ ಇವೆರಡೂ ಒಂದೇ ಅಲ್ಲ; ಎರಡು ಸೆಕೆಂಡಿನ ದಾಸ್ತಾನಿರುವವನಿಗೆ ಮೂರು ಸೆಕೆಂಡಿನ ಸೊನ್ನೆಯೂ ಉಪವಾಸವೇ. ಮೊಳಕಾಲುದ್ದ ಸರಾಸರಿ ಆಳದ ಹೊಳೆಯಲ್ಲೂ ಜನ ಮುಳುಗಿದ್ದಾರೆ.

ಇಷ್ಟಾಗಿ, ಮಾಡಬೇಕಾದ್ದೇನು? ನನಗೆ ತೋರುವ ನಾಲ್ಕು ಕ್ರಮಗಳು ದುಬಾರಿಯವಲ್ಲ.

ಮೊದಲನೆಯದು, ಸರ್ಕಾರಿ ಹಣದಿಂದ ನಡೆಯುವ ಪ್ರಸಾರಗಳಿಂದಲೇ ಆರಂಭಿಸುವುದು. ವಿಶ್ವವಿದ್ಯಾಲಯದ ಪಾಠ, ಇಲಾಖೆಗಳ ತರಬೇತಿ, ಸ್ಪರ್ಧಾತ್ಮಕ ಪರೀಕ್ಷೆಯ ಉಚಿತ ತರಗತಿ ಇವೆಲ್ಲ ಟೆಂಡರ್ ಮೂಲಕ ಬರುವ ವ್ಯವಸ್ಥೆಗಳು. ಟೆಂಡರ್ ದಸ್ತಾವೇಜಿನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು: ನೆಟ್‌ವರ್ಕ್ ಕುಸಿದು ಚೇತರಿಸಿಕೊಂಡ ಬಳಿಕ ಚಿತ್ರ ಎಷ್ಟು ಸೆಕೆಂಡಿನಲ್ಲಿ ಮೊದಲಿನ ಗುಣಮಟ್ಟಕ್ಕೆ ಮರಳುತ್ತದೆ ಎಂಬುದನ್ನು ಗುತ್ತಿಗೆದಾರರು ಪರೀಕ್ಷಿಸಿ ತೋರಿಸಬೇಕು. ‘ಅತ್ಯುತ್ತಮ ಗುಣಮಟ್ಟ’ ಎಂಬಂಥ ಪೊಳ್ಳು ಮಾತುಗಳಿಗಿಂತ ಅಳೆಯಬಲ್ಲ ಇಂಥ ಒಂದು ಷರತ್ತು ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ.

ಎರಡನೆಯದು, ಚಿತ್ರಕ್ಕಿಂತ ದನಿಗೆ ಆದ್ಯತೆ. ತರಗತಿಯಲ್ಲಿ ಮಾತು ನಿಂತರೆ ಎಲ್ಲವೂ ನಿಂತಂತೆ. ವೈದ್ಯರೊಡನೆ ನಡೆಯುವ ಸಮಾಲೋಚನೆಗಂತೂ ಇದು ಇನ್ನೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆ 2019ರಲ್ಲಿ ಆರಂಭವಾಗಿ 2023ರ ಆರಂಭದ ಹೊತ್ತಿಗೆ ಹತ್ತು ಕೋಟಿ ಸಮಾಲೋಚನೆಗಳನ್ನು ದಾಟಿತ್ತು. ಇಬ್ಬರು ಪರಸ್ಪರ ಮಾತಾಡುವ ಇಂಥ ಕರೆಗಳಲ್ಲಿ ಎರಡು ಸೆಕೆಂಡಿನ ದಾಸ್ತಾನಿಗೂ ಅವಕಾಶವಿಲ್ಲ. ಅಂದಾಜಿನ ವಿಧಾನವೂ ಬೇರೆ: ಮಾಹಿತಿಯ ಪೊಟ್ಟಣಗಳು ಒಂದರ ಹಿಂದೊಂದು ಬರುವ ಅಂತರ ಹಿಗ್ಗುತ್ತಿದೆಯೇ ಎಂದು ನೋಡಿ, ದಟ್ಟಣೆ ಉಂಟಾಗುವ ಮೊದಲೇ ಎಚ್ಚೆತ್ತುಕೊಳ್ಳಬೇಕಾಗುತ್ತದೆ. ಆದರೆ ತತ್ತ್ವ ಒಂದೇ. ಸಾಮರ್ಥ್ಯ ಕುಸಿದಾಗ ಮೊದಲು ಬಿಡಬೇಕಾದ್ದು ಯಾವುದು, ಕೊನೆಯವರೆಗೆ ಉಳಿಸಬೇಕಾದ್ದು ಯಾವುದು ಎಂಬ ತೀರ್ಮಾನ ಮೊದಲೇ ಆಗಿರಬೇಕು.

ಮೂರನೆಯದು, ನಮ್ಮದೇ ನೆಟ್‌ವರ್ಕ್ ದಾಖಲೆಗಳ ಭಂಡಾರ. ಶಿವಮೊಗ್ಗದಲ್ಲೂ ಸೇರಿದಂತೆ ಎಲ್ಲ ಜಿಲ್ಲೆಗಳ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕಡ್ಡಾಯ. ಹಳ್ಳಿ ಹಳ್ಳಿಗಳಲ್ಲಿ, ಮಳೆಗಾಲ ಬೇಸಿಗೆಗಳೆರಡರಲ್ಲೂ, ಸೆಕೆಂಡು ಸೆಕೆಂಡಿನ ನೆಟ್‌ವರ್ಕ್ ಸಾಮರ್ಥ್ಯವನ್ನು ದಾಖಲಿಸಿ, ವ್ಯಕ್ತಿಗಳ ಗುರುತು ತೆಗೆದು, ಎಲ್ಲರಿಗೂ ಮುಕ್ತವಾಗಿ ದೊರೆಯುವಂತೆ ಇರಿಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಓಸ್ಲೊ ದೋಣಿಯ ದಾಖಲೆಯನ್ನು ಜಗತ್ತು ಬಳಸುತ್ತಿರುವುದು ಅದು ಶ್ರೇಷ್ಠವೆಂಬ ಕಾರಣಕ್ಕಿಂತ ಅದನ್ನು ಯಾರೋ ಶ್ರಮವಹಿಸಿ ಅಳೆದು ಹಂಚಿದರು ಎಂಬ ಕಾರಣಕ್ಕೆ. ಸೊರಬದ ದಾಖಲೆ ಇದ್ದರೆ ಅದನ್ನೂ ಬಳಸುತ್ತಾರೆ.

ನಾಲ್ಕನೆಯದು, ಟ್ರಾಯ್ ಸರಾಸರಿಯ ಜತೆಗೆ ಹೊಯ್ದಾಟವನ್ನೂ ಕೇಳಬೇಕು. ದಿನದ ಅತ್ಯಂತ ಕಳಪೆಯಾದ ಹತ್ತನೇ ಒಂದು ಪಾಲು ಸಮಯದಲ್ಲಿ ಈ ತಾಲ್ಲೂಕಿನ ಗ್ರಾಹಕನಿಗೆ ದೊರೆತದ್ದೆಷ್ಟು ಎಂಬ ಒಂದೇ ಅಂಕಿ ಅನೇಕ ಸತ್ಯಗಳನ್ನು ಹೊರಗೆಡಹುತ್ತದೆ. ಟವರುಗಳ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬ ಪ್ರಶ್ನೆಗೂ ಆಗ ತಾನಾಗಿ ಉತ್ತರ ಸಿಗುತ್ತದೆ.

ಹಿಂದೆ ಹಳ್ಳಿಗೆ ಸೌಕರ್ಯ ತಲುಪದಿದ್ದರೆ ಅದು ಎದ್ದು ಕಾಣುತ್ತಿತ್ತು. ಕಂಬವಿಲ್ಲ, ರಸ್ತೆಯಿಲ್ಲ, ವೈದ್ಯರಿಲ್ಲ ಎಂದು ಬೆರಳಿಟ್ಟು ತೋರಿಸಬಹುದಿತ್ತು, ಅರ್ಜಿ ಬರೆಯಬಹುದಿತ್ತು. ಯಂತ್ರವೊಂದು ತನ್ನೊಳಗೇ ಮಾಡಿಕೊಳ್ಳುವ ಲೆಕ್ಕದಿಂದ ಹುಟ್ಟುವ ವಂಚನೆಗೆ ಅರ್ಜಿ ಬರೆಯುವುದು ಯಾರಿಗೆ? ಸಾಮರ್ಥ್ಯ ಇದ್ದೂ ಇಲ್ಲವೆಂದು ಎಣಿಸಲ್ಪಡುವ ಅನುಭವ ನಮ್ಮ ಗ್ರಾಮೀಣ ಯುವಜನರಿಗೆ ಬೇರೆಡೆಗಳಲ್ಲಿ ಸಾಕಷ್ಟಾಗಿದೆ. ಕನಿಷ್ಠ ಫೋನಿನೊಳಗಿನ ಈ ತಪ್ಪೆಣಿಕೆಯನ್ನಾದರೂ ತಿದ್ದಲು ಜ್ಞಾನವೂ ಇದೆ, ಸಾಧನವೂ ಇದೆ. ಅಳೆಯುವ ಮನಸ್ಸು ಮಾಡಬೇಕಷ್ಟೆ.